ಕಳೆಯಬೇಕಾದ ಎರಡು ಗೆರೆ

ಚಿತ್ರಾ ತನ್ನ ಬೈಕಿನ ಸಿಲಿಂಡರನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ನನ್ನ ಅಡಿಗೆಮನೆಗೆ ತಂದಾಗ ನಾನು ತೊಗರಿಬೇಳೆ ಆರಿಸುತ್ತ ಕೂತಿದ್ದೆ.

"ಆಂಟಿ, ಇದನ್ನು ಎಲ್ಲಿ ಇಡಲಿ? ಸ್ವಲ್ಪ ಎಣ್ಣೆ ಉಂಟು."

ಹಿಂದಿನ ದಿನದ ಪೇಪರ್ ಹಾಸಿಕೊಟ್ಟೆ. ಅವಳು ಅದನ್ನು ಮಗುವನ್ನು ಮಲಗಿಸುವ ಹಾಗೆ ಇಟ್ಟಳು. ಇಟ್ಟ ಮೇಲೆ ನೆಲದ ಮೇಲೆ ಬಿದ್ದಿದ್ದ ಒಂದು ಹನಿ ಎಣ್ಣೆಯನ್ನು ತನ್ನ ಕರ್ಚೀಫಿನಿಂದಲೇ ಒರೆಸಿದಳು. ನಾನು ನೋಡಲಿಲ್ಲ ಎಂದುಕೊಂಡಿದ್ದಳು.

ಚಿತ್ರಾ ಕುಂದಾಪುರದ ಕಡೆಯ ಹುಡುಗಿ. ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸವಂತೆ. ಎರಡು ಸಾವಿರದ ಮೂರರಲ್ಲಿ ಕಾಚಿಗೂಡದ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದಳು. ಬಂದ ಆರನೇ ತಿಂಗಳಿಗೆ ಒಂದು ಹಳೆಯ ಎರಡು ಸ್ಟ್ರೋಕಿನ ಬೈಕು ತಂದು, ಮಡ್‌ಗಾರ್ಡನ್ನು ಮೇಲಕ್ಕೆತ್ತಿಸಿ, ಮುಳ್ಳುಮುಳ್ಳಿನ ಟೈರು ಹಾಕಿಸಿದಳು. ಭಾನುವಾರ ಶಂಶಾಬಾದಿನ ಕಡೆಯ ಬಯಲಿನಲ್ಲಿ ಮಣ್ಣಿನ ದಿಬ್ಬ ಹಾರಿಸುವ ಹುಡುಗರ ಗುಂಪೊಂದಿತ್ತು. ಆ ಜಾಗಕ್ಕೆ ದೊಡ್ಡ ವಿಮಾನ ನಿಲ್ದಾಣ ಬರುತ್ತದೆಂದು ಆಗಲೇ ಸುದ್ದಿ. ಅದು ಬರುವುದರೊಳಗೆ ಎಷ್ಟಾಗುತ್ತದೋ ಅಷ್ಟು ಓಡಿಸಿಬಿಡಬೇಕು ಎಂದು ಇವರ ಅವಸರ. ಗುಂಪಿನಲ್ಲಿ ಇವಳೊಬ್ಬಳೇ ಹುಡುಗಿ.

"ಇಂಜಿನ್ ಟಕಟಕ ಅಂತ ಬಡೀತದೆ ಆಂಟಿ. ಹೊಗೆಯಂತೂ ಸೊಳ್ಳೆ ಓಡಿಸುವ ಗಾಡಿಯ ಹಾಗೆ. ಪಿಸ್ಟನ್ ಬದಲಾಯಿಸಬೇಕು. ಎಲ್ಲರೂ ಹೇಳ್ತಾರೆ, ಹೇಗೂ ಬಿಚ್ಚಿದ್ದಿ, ದೊಡ್ಡದರಲ್ಲೇ ದೊಡ್ಡ ಸೈಜ್ ಹಾಕು ಅಂತ. ಪಿಕಪ್ ಬರ್ತದಂತೆ."

"ನಿನಗೇನನ್ನಿಸುತ್ತದೆ?"

"ನನಗೆಂತ ಗೊತ್ತುಂಟು? ನೀವು ಫಿಸಿಕ್ಸ್ ಅಲ್ವಾ?"

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು ನಾನು. ಪಿಸ್ಟನ್ನಿನ ಚಿತ್ರವನ್ನು ಬೋರ್ಡಿನ ಮೇಲೆ ನೂರು ಸಲ ಬರೆದಿದ್ದೇನೆ. ಕೈಯಲ್ಲಿ ಹಿಡಿದಿರಲಿಲ್ಲ. ಆದರೆ ಹಿಡಿದವನೊಬ್ಬನನ್ನು ಬಲ್ಲೆ ಎಂದೆ.

ಬೂದೆಪ್ಪ ಶಹಾಪುರದ ಕಡೆಯವನು. ಅವನ ತಂದೆ-ತಾಯಿ ಕಟ್ಟಡದ ಕೂಲಿಗೆಂದು ಈ ಊರಿಗೆ ಬಂದವರು. ಇವನು ಕಲ್ಲು-ಮಣ್ಣು ಹೊರದೆ ಲೇತಿನ ಕೆಲಸ ಕಲಿತ. ನಮ್ಮ ಲ್ಯಾಬಿನ ಉಪಕರಣಗಳು ಕೆಟ್ಟಾಗೆಲ್ಲ ಅವನ ಹತ್ತಿರ ಕಳಿಸುತ್ತಿದ್ದೆವು. ಒಮ್ಮೆ ಒಂದು ಗೋಲಮಾಪಕದ ಕಾಲು ಮುರಿದಾಗ, ಅದನ್ನು ಬೀಳಿಸಿದ ಹುಡುಗಿ ಅಳುತ್ತ ನಿಂತಿದ್ದಳು. ಹೊಸ ಕಾಲು ಮಾಡಿ ತಂದ ಬೂದೆಪ್ಪ ಅವಳಿಗೆ ಕೇಳುವಂತೆ, "ಇದು ಮೊದಲಽ ಸೀಳು ಬಿಟ್ಟಿತ್ರಿ ಅಕ್ಕೋರೆ, ಯಾರ ಕೈಯಾಗಿದ್ರೂ ಮುರೀತಿತ್ತು" ಎಂದು ಹೇಳಿ ಹೋದ. ಸೀಳು ಇರಲಿಲ್ಲ. ನಾನೇ ನೋಡಿದ್ದೆ.

ಅವನು ಕೆಲಸ ಮಾಡುವ ವರ್ಕ್‌ಶಾಪು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ. ಮಾಲಿಕ ನರಹರಿ, ಬೀದರಿನವರು, ನಲವತ್ತೈದರ ಆಸುಪಾಸು. ತಂದೆಯ ಕಾಲದ ಅಂಗಡಿ. ನಾನೂ ಚಿತ್ರಾಳೂ ಶನಿವಾರ ಬೆಳಿಗ್ಗೆ ಹೋದಾಗ ಅಲ್ಲಿ ಜಗಳ ನಡೆದಿತ್ತು. ಒಬ್ಬ ಗಿರಾಕಿ ಸ್ಕೂಟರಿನ ಸಿಲಿಂಡರನ್ನು ಮೇಜಿನ ಮೇಲೆ ಕುಕ್ಕಿ, ಪಿಸ್ಟನ್ ಒಳಗೆ ಅಲ್ಲಾಡುತ್ತದೆ ಎಂದು ಹಿಂದಿಯಲ್ಲಿ ಕೂಗಾಡಿ ಹೊರಟುಹೋದ.

ನರಹರಿ ನಮ್ಮನ್ನು ನೋಡಿಯೂ ದನಿ ತಗ್ಗಿಸಲಿಲ್ಲ.

"ಬೂದೆಪ್ಪ, ಇದು ಎರಡನೇದು. ಇನ್ನೊಂದು ವಾಪಸ್ ಬಂತಂದ್ರ ಬೋರಿಂಗ್ ಮಶೀನ್ ಗುಜರಿಗೆ ಹಾಕ್ತೀನಿ. ಅಪ್ಪನ ಮಶೀನ್ ಅಂತನೂ ನೋಡಂಗಿಲ್ಲ. ಬಾಲಾನಗರದಾಗ ಕಂಪ್ಯೂಟರ್ ಮಶೀನ್ ಬಂದಾವ, ಅಲ್ಲಿಗೇ ಕಳಿಸ್ತೀನಿ ಎಲ್ಲಾ ಕೆಲಸ."

ಸಿಲಿಂಡರ್ ಕೊರೆಯುವ ಆ ಮಶೀನು ಹೋದರೆ ಬೂದೆಪ್ಪನಿಗೆ ಅಲ್ಲಿ ಬೇರೆ ಕೆಲಸವಿಲ್ಲ. ಅರವತ್ತೆರಡು ವಯಸ್ಸಿನ ಬೋರಿಂಗ್ ಮಿಸ್ತ್ರಿಯನ್ನು ಈ ಊರಿನಲ್ಲಿ ಇನ್ನಾರು ಕರೆಯುತ್ತಾರೆ? ಅವನು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ, "ಬರ್ರಿ ಅಕ್ಕೋರೆ, ಭಾಳ ದಿವ್ಸಾತು" ಎಂದ. ಬಿಸಿಲು ಬೀಳುತ್ತಿದ್ದ ಕುರ್ಚಿಯನ್ನು ಎಳೆದು ನೆರಳಿಗೆ ಹಾಕಿದ.

ಸಿಲಿಂಡರಿನ ಒಳಗೆ ಅಳೆಯುವ ಗೇಜಿಗೆ ಗಡಿಯಾರದಂಥ ಮುಖ, ದಪ್ಪ ಮುಳ್ಳು. ಅದನ್ನು ಮೊದಲು ಒಂದು ಉಕ್ಕಿನ ಉಂಗುರದಲ್ಲಿ ಇಟ್ಟು ಹೊಂದಿಸಿದ. ಆಮೇಲೆ ಸಿಲಿಂಡರಿನೊಳಗೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ, ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿದ.

"ಐವತ್ತು ಮಿಲಿಮೀಟರಿನ ಮಾಲು. ಒಮ್ಮೆ ಪಚೀಸ್ ಸೈಜ್ ಆಗೇತಿ. ಈಗ ಮ್ಯಾಲ ಮೂವತ್ತೊಂದು, ತಳಕ್ಕ ಇಪ್ಪತ್ತೇಳು. ಮ್ಯಾಲ ಜಾಸ್ತಿ ತಿಂದೈತಿ."

ಮಿಲಿಮೀಟರಿನ ನೂರನೇ ಒಂದು ಭಾಗ ಅವರ ಲೆಕ್ಕದಲ್ಲಿ ಒಂದು ಗೆರೆ. ಮೂವತ್ತೊಂದು ಎಂದರೆ ಐವತ್ತರ ಮೇಲೆ ಮೂವತ್ತೊಂದು ಗೆರೆ. ಸವೆದ ಸಿಲಿಂಡರನ್ನು ಸ್ವಲ್ಪ ಕೊರೆದು ದೊಡ್ಡದು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು ಪದ್ಧತಿ. ಪಿಸ್ಟನ್ನುಗಳು ಇಪ್ಪತ್ತೈದು, ಐವತ್ತು, ಎಪ್ಪತ್ತೈದು, ನೂರು ಗೆರೆ ಹೆಚ್ಚಿನ ಸೈಜಿನಲ್ಲಿ ಸಿಗುತ್ತವೆ. ಮಿಸ್ತ್ರಿಗಳ ಬಾಯಲ್ಲಿ ಇಪ್ಪತ್ತೈದು ಪಚೀಸ್, ಐವತ್ತು ಪಚಾಸ್.

"ಹಂಗಾರ ಪಚಾಸ್ ಸೈಜ್ ತಗೊಂಬಾ ತಂಗಿ."

"ನೂರರದ್ದು ಹಾಕಿದ್ರೆ ಆಗುದಿಲ್ವಾ? ನನ್ನ ಫ್ರೆಂಡ್ಸೆಲ್ಲ ಅದನ್ನೇ ಹಾಕಿದ್ದಾರೆ."

"ಹಾಕಬಹುದು. ಆಮ್ಯಾಗೇನ್ ಹಾಕ್ತಿ? ನೂರರ ಮುಂದ ಸೈಜಿಲ್ಲ. ಈ ಗಾಡಿದು ಹೊಸಾ ಸಿಲಿಂಡರ್ ಬರಾದೂ ಬಂದ್ ಆಗೇತಿ. ತಪ್ಪಿದ್ರ ತೂಕಕ್ಕ ಹಾಕಬೇಕು. ಗ್ವಾಡಿ ತೆಳ್ಳಗಾದಷ್ಟೂ ಲಗೂನ ಕಾಯ್ತೈತಿ. ಎಷ್ಟು ಬೇಕೋ ಅಷ್ಟಽ ತೆಗೀಬೇಕವ್ವ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ಚಿತ್ರಾ, ಐವತ್ತರ ಬದಲು ನೂರು ಸೈಜ್ ಹಾಕಿದರೆ ಹೆಚ್ಚುವುದು ನೂರಕ್ಕೆ ಎರಡು. ನಿನ್ನ ಇಂಜಿನ್ನಿಗೆ ಎರಡು ಸಿಸಿ. ಅಂದರೆ ಅರ್ಧ ಟೀ ಚಮಚಕ್ಕಿಂತ ಕಡಿಮೆ."

"ಅರ್ಧ ಚಮಚಕ್ಕೆ ಇಷ್ಟು ಗಲಾಟೆಯಾ ಮಾರಾಯ್ರೆ!" ಎಂದು ಚಿತ್ರಾ ನಕ್ಕಳು.

"ಎಂತ ತಂಗಿ, ಎಂತ?" ಎಂದು ಬೂದೆಪ್ಪ ಅವಳ ಮಾತಿನ ಧಾಟಿಯನ್ನು ಅಣಕಿಸಿದ. ಜಗಳವಾದ ಮೇಲೆ ಅವನ ಮುಖದಲ್ಲಿ ನಗು ಬಂದದ್ದು ಆಗಲೇ. "ಮತ್ತ ಕೇಳು. ಪಿಸ್ಟನ್ ಮೊದಲು ತರಬೇಕು, ಬೋರಿಂಗ್ ಆಮ್ಯಾಗ. ಡಬ್ಬಿ ಮ್ಯಾಲೆ ಏನರ ಬರದಿರ್ಲಿ, ಅದನ್ನ ಅಳದು, ಅದರ ಮ್ಯಾಲೆ ನಾಕು ಗೆರಿ ಸಂದು ಬಿಟ್ಟು ಕೊರೀತೀನಿ. ಪಿಸ್ಟನ್ ಕಾದು ಹಿಗ್ಗತೈತಿ ನೋಡು, ಅದಕ್ಕ ಜಾಗಾ ಬೇಕು. ಸಂದು ಕಡಿಮಿ ಆದ್ರ ಹಿಡಕೊಂಡ್ ಬಿಡ್ತೈತಿ."

ಅಂದೇ ಮಧ್ಯಾಹ್ನ ಚಿತ್ರಾ ರಾಣಿಗಂಜಿಗೆ ಹೋಗಿ ಪಿಸ್ಟನ್ ತಂದಳು. ಸೋಮವಾರ ಅವಳಿಗೆ ಆಫೀಸು. ಪಿಸ್ಟನ್ನನ್ನು ನಾನೇ ತೆಗೆದುಕೊಂಡು ಹೋದೆ.

ಅಂಗಡಿಯ ಮುಂಭಾಗದಲ್ಲಿ ನರಹರಿ ಫೋನಿನಲ್ಲಿದ್ದರು. ಒಳಗೆ ಬೂದೆಪ್ಪ ಮೈಕ್ರೋಮೀಟರನ್ನು ಕಪ್ಪು ಪೆಟ್ಟಿಗೆಯಿಂದ ತೆಗೆದ. ನಾವು ಕಾಲೇಜಿನಲ್ಲಿ ಸ್ಕ್ರೂ ಗೇಜ್ ಎನ್ನುತ್ತಿದ್ದೆವಲ್ಲ, ಅದರ ದೊಡ್ಡಣ್ಣ. ಪಿಸ್ಟನ್ನನ್ನು ಅದರ ಬಾಯಿಗೆ ಕೊಟ್ಟು, ಕಿಟಕಿಯ ಕಡೆ ಎತ್ತಿ ಹಿಡಿದ. ದೂರ ಹಿಡಿದ. ಹತ್ತಿರ ತಂದ. ಕನ್ನಡಕ ತೆಗೆದು ಒರೆಸಿದ. ಮತ್ತೆ ದೂರ ಹಿಡಿದ. ಮಬ್ಬಾದ ಕಣ್ಣಿನ ಗುರುತು ನನಗೆ ಗೊತ್ತು. ನನ್ನ ಕಣ್ಣಿಗೆ ಆಪರೇಷನ್ ಆಗಿ ಎರಡು ವರ್ಷವಾಗಿತ್ತು. ಪೊರೆ ಬಂದ ಕಣ್ಣಿಗೆ ಗಡಿಯಾರದ ಮುಳ್ಳು ಕಾಣುತ್ತದೆ, ಕೂದಲಿನಷ್ಟು ಸಣ್ಣ ಗೆರೆ ಕಾಣುವುದಿಲ್ಲ. ಎರಡು ಕೆಲಸ ಏಕೆ ವಾಪಸು ಬಂದವೆಂದು ಆಗ ನನಗೆ ಹೊಳೆಯಿತು.

ನಿನಗೆ ಕಾಣುತ್ತಿಲ್ಲ ಎಂದು ಹೇಗೆ ಹೇಳುವುದು? ನರಹರಿ ಹತ್ತು ಹೆಜ್ಜೆ ದೂರದಲ್ಲಿದ್ದರು.

"ಬೂದೆಪ್ಪ, ಒಂದು ಸಲ ನಾನು ಓದಲೇ? ಸ್ಕ್ರೂ ಗೇಜ್ ಹಿಡಿದು ಹತ್ತು ವರ್ಷವಾಯಿತು. ಕೈ ತುರಿಸುತ್ತದೆ" ಎಂದೆ.

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. "ತಗೋರಿ ಅಕ್ಕೋರೆ. ನಾ ನಿಮಗ ನೀರು ತರ್ತೀನಿ" ಎಂದು ಕೊಟ್ಟು, ಮೂಲೆಯ ಮಡಕೆಯ ಕಡೆ ಹೋದ.

ಅಳೆಯುವ ಮೊದಲು ಉಪಕರಣವನ್ನು ಪರೀಕ್ಷಿಸಬೇಕು ಎಂದು ಮೂವತ್ತೊಂದು ವರ್ಷ ಹೇಳಿಕೊಟ್ಟವಳು ನಾನು. ಪೆಟ್ಟಿಗೆಯಲ್ಲಿ ಐವತ್ತು ಮಿಲಿಮೀಟರಿನ ಅಳತೆಯ ಕಡ್ಡಿ ಇತ್ತು. ಅದನ್ನಿಟ್ಟು ಮುಚ್ಚಿದೆ. ಸರಿಯಾಗಿ ಐವತ್ತು ತೋರಿಸಬೇಕಾದದ್ದು ಎರಡು ಗೆರೆ ಹೆಚ್ಚು ತೋರಿಸಿತು. ಅಂದರೆ ಏನನ್ನು ಅಳೆದರೂ ಎರಡು ಗೆರೆ ಕಳೆಯಬೇಕು. ಈ ಉಪಕರಣವೇ ಸುಳ್ಳು ಹೇಳುತ್ತಿದೆ, ಪಾಪ, ಇವನಿಗೆ ಗೊತ್ತಿಲ್ಲ ಎಂದುಕೊಂಡೆ. ಹೇಳಿಬಿಡಲೇ ಎಂದು ಬಾಯಿಯವರೆಗೆ ಬಂತು. ನಲವತ್ತು ವರ್ಷ ಹಿಡಿದ ಅಳತೆಗೋಲೇ ತಪ್ಪು ಎಂದು, ಅದೂ ಮಾಲಿಕರಿಗೆ ಕೇಳುವಂತೆ, ಇಂಥ ವಾರದಲ್ಲಿ ಹೇಳುವುದೇ? ಬೇಡವೆನ್ನಿಸಿತು. ನಾನೇ ಕಳೆದು ಹೇಳಿದರಾಯಿತು.

ಅವನು ನೀರು ತರುವಷ್ಟರಲ್ಲಿ ಪಿಸ್ಟನ್ ಇಟ್ಟು ಓದಿದೆ. ಐವತ್ತರ ಮೇಲೆ ನಲವತ್ತೆಂಟು ಗೆರೆ.

"ನಲವತ್ತಾರು" ಎಂದೆ.

ಅವನ ತುಟಿ ಸ್ವಲ್ಪ ಅಲುಗಿತು. ತಲೆಯಾಡಿಸಿ, ನೀರಿನ ಲೋಟ ಕೊಟ್ಟ. ಲೋಟದ ಹೊರಗೆ ತಾಗಿದ್ದ ಎಣ್ಣೆಯ ಬೆರಳಚ್ಚನ್ನು ಅಂಗಿಯ ತುದಿಯಿಂದ ಒರೆಸಿಯೇ ಕೊಟ್ಟಿದ್ದ. ಅಂದು ಬಿಸಿಲಲ್ಲಿ ಮನೆಗೆ ನಡೆದು ಬರುವಾಗ ನನಗೆ ತುಂಬ ಸಮಾಧಾನವಾಗಿತ್ತು. ಯಾರ ಮನಸ್ಸಿಗೂ ನೋವಾಗದ ಹಾಗೆ ಒಂದು ತಪ್ಪನ್ನು ತಪ್ಪಿಸಿದೆನೆಂಬ ಸಮಾಧಾನ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬುಧವಾರ ಸಿಲಿಂಡರ್ ಬಂತು. ಗುರುವಾರ ಚಿತ್ರಾಳ ಗುಂಪಿನ ಮೆಕ್ಯಾನಿಕ್ ಇಂಜಿನ್ ಕಟ್ಟಿಕೊಟ್ಟ. ಎರಡು ದಿನ ಮೆಲ್ಲಗೆ ಓಡಿಸಿದಳು. ಭಾನುವಾರ ಬೆಳಿಗ್ಗೆ ಶಂಶಾಬಾದಿಗೆ ಹೋದವಳು ಹನ್ನೊಂದು ಗಂಟೆಗೆ ಬೈಕನ್ನು ಒಂದು ಟ್ರಾಲಿ ಆಟೋದಲ್ಲಿ ಹಾಕಿಕೊಂಡು ಬಂದಳು. ಮೊಣಕೈ ಕಿತ್ತುಹೋಗಿತ್ತು.

"ದಿಬ್ಬ ಹತ್ತುವಾಗ ಹಿಂದಿನ ಚಕ್ರ ಗಪ್ಪಂತ ನಿಂತೇ ಬಿಡ್ತು ಆಂಟಿ. ಇಂಜಿನ್ ಹಿಡ್ಕೊಂಡದ್ದು." ನಾನು ಗಾಯ ತೊಳೆಯುವಾಗ ಅವಳು ಉರಿಯೆಂದು ಹೇಳಲಿಲ್ಲ, ಸಿಟ್ಟಿನಲ್ಲಿದ್ದಳು. "ಎಲ್ಲರೂ ನಗಾಡಿದ್ರು. ಅರ್ಧ ಚಮಚ ಉಳಿಸಿದ್ದಕ್ಕೆ ಹೀಗಾಯ್ತು ಅಂತ. ಮೆಕ್ಯಾನಿಕ್ ಅಲ್ಲೇ ಬಿಚ್ಚಿ ಅಳೆದ. ಪಿಸ್ಟನ್ ನಲವತ್ತಾರು, ಸಿಲಿಂಡರ್ ನಲವತ್ತೆಂಟು. ನಾಲ್ಕು ಗೆರೆ ಬಿಡ್ತೇನೆ ಅಂದವರು ಎರಡೇ ಬಿಟ್ಟಿದ್ದಾರೆ! ನಾಳೆ ರಜೆ ಹಾಕ್ತೇನೆ. ಆ ಅಂಗಡಿಗೆ ಹೋಗಿ, ಮುಖಕ್ಕೇ ಹೇಳಿ, ಇದನ್ನು ಬಾಲಾನಗರಕ್ಕೆ ಕೊಡ್ತೇನೆ."

ಹತ್ತಿಯನ್ನು ಕೈಯಲ್ಲಿ ಹಿಡಿದು ನಾನು ಹಾಗೇ ಕೂತೆ. ಪಿಸ್ಟನ್ ನಲವತ್ತಾರು. ನಾನು ಹೇಳಿದ್ದು ಸರಿಯಾಗಿತ್ತು. ಸಿಲಿಂಡರಿನ ಗೇಜೂ ಸರಿಯಾಗಿತ್ತು. ಹಾಗಾದರೆ ಎರಡು ಗೆರೆ ಹೋದದ್ದೆಲ್ಲಿ?

ಅವನ ತುಟಿ ಅಲುಗಿದ್ದು ನೆನಪಾಯಿತು.

ಬೂದೆಪ್ಪನಿಗೆ ಗೊತ್ತಿತ್ತು. ಮೈಕ್ರೋಮೀಟರ್ ಎರಡು ಗೆರೆ ಹೆಚ್ಚು ತೋರಿಸುತ್ತದೆಂದು ನಲವತ್ತು ವರ್ಷದಿಂದಲೂ ಗೊತ್ತಿತ್ತು. ಯಾರು ಏನು ಓದಿದರೂ ಅವನು ಎರಡು ಕಳೆಯುತ್ತಾನೆ, ನಾವು ಉಸಿರಾಡುವಂತೆ. ನಾನು ಕಳೆದು ಹೇಳಿದೆ. ಅವನೂ ಕಳೆದ. ನಲವತ್ತಾರು ನಲವತ್ತನಾಲ್ಕಾಯಿತು. ಅದರ ಮೇಲೆ ನಾಲ್ಕು ಬಿಟ್ಟು ನಲವತ್ತೆಂಟಕ್ಕೆ ಕೊರೆದ.

ಮೂರನೆಯ ಕೆಲಸವೂ ವಾಪಸು ಹೋಗುವುದಿತ್ತು, ಅದು ನನ್ನಿಂದ.

ಮರುದಿನ ಬೆಳಿಗ್ಗೆ ಚಿತ್ರಾಳ ಜೊತೆ ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನಿಜ ಹೇಳಿದರೆ ನಾನೇಕೆ ಓದಿದೆನೆಂಬುದನ್ನೂ ಹೇಳಬೇಕು. ಅವನ ಕಣ್ಣಿನ ವಿಷಯ ನರಹರಿಗೆ ತಿಳಿಯುತ್ತದೆ, ಆಗಲೂ ಮಶೀನು ಹೋಗುತ್ತದೆ. ಹೇಳದಿದ್ದರೆ ತಪ್ಪು ಅವನ ತಲೆಗೆ, ಮಶೀನು ಹೇಗೂ ಹೋಗುತ್ತದೆ. ಕಾಚಿಗೂಡ ಚೌರಸ್ತಾ ದಾಟುವಷ್ಟರಲ್ಲಿ ಒಂದು ಉಪಾಯ ಮಾಡಿಕೊಂಡೆ. ನಾನೇ ತಪ್ಪು ಓದಿದೆ ಎಂದುಬಿಡುವುದು. ಮುದುಕಿ, ಹತ್ತು ವರ್ಷದ ಮೇಲೆ ಗೇಜ್ ಹಿಡಿದಳು, ತಪ್ಪಿದಳು. ಯಾರಿಗೇನು ನಷ್ಟ?

ಚಿತ್ರಾ ಸಿಲಿಂಡರನ್ನೂ ಗೀರುಬಿದ್ದ ಪಿಸ್ಟನ್ನನ್ನೂ ನರಹರಿಯ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಕೂಗಾಡಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು ಕೇಳುವುದಕ್ಕೆ. ನರಹರಿ ಅವಳ ಮೊಣಕೈಯ ಪಟ್ಟಿಯನ್ನು ನೋಡಿದರು, ಒಳಗೆ ತಿರುಗಿ ಬೂದೆಪ್ಪನನ್ನು ಕರೆದರು.

ನಾನು ಮುಂದೆ ಬಂದೆ. "ನರಹರಿಯವರೇ, ಇದು ಬೂದೆಪ್ಪನ ತಪ್ಪಲ್ಲ. ಆ ದಿನ ಮೈಕ್ರೋಮೀಟರ್ ನಾನು ಓದಿದ್ದು. ಹಟ ಮಾಡಿ ಇಸಿದುಕೊಂಡೆ. ತಪ್ಪು ಓದಿ ಹೇಳಿದೆ."

ಚಿತ್ರಾ ಬೆರಗಾಗಿ ನನ್ನನ್ನೇ ನೋಡಿದಳು. ಬೂದೆಪ್ಪ ಗೀರುಬಿದ್ದ ಪಿಸ್ಟನ್ನನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರುತ್ತಿದ್ದ.

"ಎಷ್ಟಂದ ನಿಮ್ಮ ಮೆಕ್ಯಾನಿಕ್, ತಂಗಿ?"

"ಪಿಸ್ಟನ್ ನಲವತ್ತಾರು."

"ಅಕ್ಕೋರು ಅಂದದ್ದೂ ನಲವತ್ತಾರು." ಅವನು ನನ್ನ ಕಡೆ ನೋಡಿದ. "ಅಕ್ಕೋರೆ, ಆ ಮೈಕ್ರೋಮೀಟರಿನ್ಯಾಗ ನಲವತ್ತೆಂಟು ಕಾಣಬೇಕಲ್ಲ? ನೀವು ಕಳದು ಹೇಳಿದ್ರೇನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ತಲೆಯಾಡಿಸಿದೆ.

"ಕಡ್ಡಿ ಇಟ್ಟು ನೋಡಿದ್ರಿ."

"ನೋಡಿದೆ ಬೂದೆಪ್ಪ. ನಿನಗೆ ಗೊತ್ತಿಲ್ಲ ಅಂದುಕೊಂಡೆ."

"ಅದನ್ನ ಬೀಳಿಸಿದಾಂವಽ ನಾನು" ಎಂದ ಬೂದೆಪ್ಪ. "ಕೆಲಸಕ್ಕ ಸೇರಿದ ಹೊಸದಾಗಿ. ಉಸ್ತಾದ್ ಜಬ್ಬಾರ್ ಸಾಬರ ಮೈಕ್ರೋಮೀಟರದು. ಅವರು ಬಡೀಲಿಲ್ಲ, ಬೈಲಿಲ್ಲ. ಎತ್ತಿ ನೋಡಿ, ಬೇಟಾ, ಇವತ್ತಿಂದ ಇದರಾಗ ಎರಡು ಗೆರಿ ಕಳದು ಓದೂ ಅಂದ್ರು. ಅಷ್ಟಽ. ಸರಿ ಮಾಡಿಸೋಣ್ರಿ ಅಂದ್ರ, ಬ್ಯಾಡ, ನೀ ಮರೀಬಾರದು ಅಂದ್ರು. ಅವರು ಹೋದ ಮ್ಯಾಗ ನನಗೂ ಮಾಡಿಸಾಕ ಮನಸಾಗಲಿಲ್ಲ."

ಆಮೇಲೆ ಮಾಲಿಕರ ಕಡೆ ತಿರುಗಿ ನೇರವಾಗಿ ನಿಂತ.

"ಅಕ್ಕೋರು ತಪ್ಪು ಓದಿಲ್ರಿ. ಓದಿದ್ದು ಸರಿ ಐತಿ. ಅವರು ನನ್ನ ಸಲುವಾಗಿ ಸುಳ್ಳು ಹೇಳಾಕತ್ತಾರ. ಹಟಾನೂ ಮಾಡಿಲ್ಲ. ನನಗ ಗೆರಿ ಕಾಣಂಗಿಲ್ರಿ ಮಾಲಕ್ರ. ವರ್ಷ ಆತು. ಅಂದಾಜಿನ ಮ್ಯಾಲೆ ಮಾಡ್ಕೊಂತ ಬಂದೀನಿ. ಆ ಎರಡು ಕೆಲಸ ಹಂಗಽ ಹೋದವು."

ಇಷ್ಟು ವರ್ಷದಲ್ಲಿ ಅವನು ಅಷ್ಟು ಹೊತ್ತು ಒಟ್ಟಿಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ನನಗೆ ನೆಲ ನೋಡುವಂತಾಯಿತು. ನಾನು ಮುಚ್ಚಬೇಕೆಂದುಕೊಂಡಿದ್ದನ್ನು ಅವನು ತಾನೇ ಬಿಚ್ಚಿಟ್ಟಿದ್ದ, ನನ್ನ ಓದಿಗೆ ಕಳಂಕ ಬರಬಾರದೆಂದು.

ನರಹರಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಹಣೆ ತಿಕ್ಕಿಕೊಂಡರು. ಎದ್ದುಹೋಗಿ ಹಿಂದಿನ ಕಪಾಟಿನ ಬೀಗ ತೆಗೆದು, ಒಂದು ಹೊಸ ಮೈಕ್ರೋಮೀಟರ್ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟರು.

"ನನಗ ಗೊತ್ತದ" ಎಂದರು.

"ಏನ್ ಗೊತ್ತೈತ್ರಿ?"

"ನಿನ್ನ ಕಣ್ಣು. ದೀಪಾವಳಿಯಿಂದ ಗೊತ್ತದ. ನೀ ಸಂಜೀಗೆ ಮನೀಗೆ ಹೋದ ಮ್ಯಾಲೆ ನಾ ಪ್ರತಿಯೊಂದು ಸಿಲಿಂಡರ್ ಅಳೀತೀನಿ. ಒಂದೆರಡು ಗೆರೆ ಕಡಿಮಿ ಇದ್ರ ಹೋನಿಂಗ್ ಕಲ್ಲು ಹಾಕಿ ಉಜ್ಜಿ ನಾನಽ ತಿದ್ದೀನಿ. ಎಷ್ಟೋ ತಿದ್ದೀನಿ. ನಿನಗ ಹೇಳಿದ್ರ ನೀ ನಾಳೆಯಿಂದ ಬರಂಗಿಲ್ಲ, ನಿನ್ನ ಸ್ವಭಾವ ನನಗ್ಗೊತ್ತಿಲ್ಲೇನು? ಆ ಎರಡು ವಾಪಸ್ ಬಂದದ್ದು ನಾ ಮದಿವಿಗೆ ಅಂತ ಬೀದರಿಗೆ ಹೋದಾಗಿನವು. ಗುಜರಿ ಅಂದದ್ದು ಬರೇ ಸಿಟ್ಟಿಗೆ."

"ಮತ್ತೆ ನಂದು?" ಎಂದಳು ಚಿತ್ರಾ. "ನಂದನ್ನು ಯಾಕೆ ಅಳೀಲಿಲ್ಲ ನೀವು?"

ನರಹರಿ ನನ್ನ ಕಡೆ ಕೈ ತೋರಿಸಿದರು. "ಫಿಸಿಕ್ಸ್ ಮೇಡಂ ಕೂತು ಓದಿದ್ದು ಅವತ್ತು ಇಲ್ಲಿಂದಽ ನೋಡಿದ್ದೆ. ಅದರ ಮ್ಯಾಲೆ ನಾ ಏನು ಅಳೀಲಿ ಅಂತ ಬಿಟ್ಟೆ."

ಚಿತ್ರಾ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ಅವಳಿಗೆ ನಗು ತಡೆಯಲಿಲ್ಲ.

"ಎಂತ ಮಾರಾಯ್ರೆ ನೀವು! ಒಬ್ಬರಿಗೆ ಗೊತ್ತಿದ್ದದ್ದನ್ನು ಇನ್ನೊಬ್ಬರಿಗೆ ಹೇಳುದಿಲ್ವಾ? ನಮ್ಮ ಆಫೀಸಲ್ಲಿ ಹೀಗೆ ಮಾಡಿದ್ರೆ ನನ್ನನ್ನು ಮನೆಗೆ ಕಳಿಸ್ತಾರೆ. ತಪ್ಪನ್ನು ತಿದ್ದಿದವರು ಏನು ತಿದ್ದಿದೆ ಅಂತ ಬರೆದಿಡಬೇಕು. ಇಲ್ಲದಿದ್ರೆ ಮುಂದಿನವ ಬಂದು ಅದನ್ನೇ ಮತ್ತೊಮ್ಮೆ ತಿದ್ದುತ್ತಾನೆ."

ಬೂದೆಪ್ಪ ಮಾತ್ರ ನಗಲಿಲ್ಲ. ಮುಖ ಕೆಂಪಾಗಿತ್ತು. ಸಂಜೆ ಸಂಜೆ ತನ್ನ ಕೆಲಸವನ್ನು ಇನ್ನೊಬ್ಬರು ತಿದ್ದುತ್ತಿದ್ದರೆಂಬುದು ಅವನಿಗೆ ಗುಜರಿಯ ಬೆದರಿಕೆಗಿಂತ ಹೆಚ್ಚು ತಾಗಿತ್ತೆಂದು ಕಾಣುತ್ತದೆ. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡ. ನಾವು ಕಾದೆವು. ನರಹರಿ ಚಹಾ ಹೇಳಿಕಳಿಸಿದರು, ಬೂದೆಪ್ಪನದು ಸಕ್ಕರೆ ಇಲ್ಲದೆ.

ಒಳಗೆ ಬಂದವನು ಯಾರ ಮುಖವನ್ನೂ ನೋಡದೆ ಸಿಲಿಂಡರನ್ನು ಎತ್ತಿಕೊಂಡ. ಒಳಗೆ ಬೆರಳಾಡಿಸಿದ. "ಮಶೀನ್ ಗುಜರಿಗೆ ಹಾಕೋದು ನಿಮಗ ಬಿಟ್ಟದ್ರಿ ಮಾಲಕ್ರ. ಆದ್ರ ಈ ಸಿಲಿಂಡರ್ ಇನ್ನೂ ಸತ್ತಿಲ್ಲ. ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟೇತಿ ಅಷ್ಟಽ. ತಪ್ಪು ಸಣ್ಣದರ ಕಡಿ ಆಗೇತಿ, ದೊಡ್ಡದರ ಕಡಿ ಆಗಿಲ್ಲ. ತೆಗೀಬೇಕಾದ ಲೋಹ ಅಲ್ಲೇ ಐತಿ." ಆಮೇಲೆ ಚಿತ್ರಾಳಿಗೆ ಹೇಳಿದ, "ಪಚಾಸ್ ಸೈಜ್ ಇನ್ನೊಂದು ಪಿಸ್ಟನ್ ತಂದ್ರ ಇದಽ ಸಿಲಿಂಡರ್ ನಡೀತೈತಿ. ಬಾಲಾನಗರಕ್ಕ ಒಯ್ತೀಯಂದ್ರೂ ಒಯ್ಯಿ. ಆದ್ರ ನೂರರದ್ದು ಮಾತ್ರ ಹಾಕಿಸಬ್ಯಾಡ."

ಚಿತ್ರಾ ಚಹಾದ ಲೋಟವನ್ನು ತಿರುಗಿಸುತ್ತ ಯೋಚಿಸಿದಳು. ಮುಂದಿನ ಭಾನುವಾರವೇ ಅವಳ ಗುಂಪಿನ ಪಂದ್ಯ. ಇಲ್ಲಿ ಕೊಟ್ಟರೆ ಅದು ತಪ್ಪುತ್ತದೆ, ಬಾಲಾನಗರದಲ್ಲಿ ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಏನಾದರೂ ಹೇಳುವ ಹಕ್ಕು ನನಗಿದೆ ಎನ್ನಿಸಲಿಲ್ಲ.

"ಅಲ್ಲಿ ಕಂಪ್ಯೂಟರಿಗೆ ನಂಬರ್ ಕೊಡುವವನೂ ಒಬ್ಬ ಮನುಷ್ಯನೇ ಅಲ್ವಾ" ಎಂದಳು ಕೊನೆಗೆ. "ಅವನು ಎಂತ ಕಳೀತಾನೆ ಅಂತ ನನಗೆ ಗೊತ್ತಿಲ್ಲ. ನಿಮ್ಮದು ಗೊತ್ತಾಯ್ತಲ್ಲ. ಇಲ್ಲೇ ಇರಲಿ."

ಪಂದ್ಯ ತಪ್ಪಿತು. ಆ ಭಾನುವಾರ ಅವಳು ಮಹಡಿಯಿಂದ ಕೆಳಗೆ ಇಳಿಯಲಿಲ್ಲ. ಬೂದೆಪ್ಪ ನಾಲ್ಕು ದಿನ ಸಿಲಿಂಡರನ್ನು ಮುಟ್ಟಲೇ ಇಲ್ಲವೆಂದು ನರಹರಿ ಹೇಳಿದರು. ಐದನೆಯ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದನಂತೆ. ಆಪರೇಷನ್ನಿಗೆ ಶ್ರಾವಣ ಕಳೆಯಲಿ ಎಂದನಂತೆ. ಎರಡನೆಯ ಶನಿವಾರ ನಮ್ಮ ಮನೆಗೆ ಫೋನ್ ಬಂತು. "ಬಾ ಅನ್ನು ತಂಗಿಗೆ. ನೀವೂ ಬರ್ರಿ ಅಕ್ಕೋರೆ. ಆದ್ರ ಸುಮ್ಮ ಕುಂದರ್ರಿ."

ಸುಮ್ಮನೆ ಕೂತೆ. ಕುರ್ಚಿ ಆಗಲೇ ನೆರಳಿನಲ್ಲಿತ್ತು. ಚಿತ್ರಾ ಹೊಸ ಪಿಸ್ಟನ್ನನ್ನು ಹಳೆಯ ಮೈಕ್ರೋಮೀಟರಿಗೆ ಕೊಟ್ಟು ಓದಿದಳು. ನರಹರಿ ಸ್ಲೇಟು ಹಿಡಿದು ನಿಂತಿದ್ದರು.

"ಕಂಡದ್ದು ಕಂಡಂಗ ಹೇಳು" ಎಂದ ಬೂದೆಪ್ಪ.

"ನಲವತ್ತೊಂಬತ್ತು."

"ಎರಡು ತೆಗದ್ರ ನಲವತ್ತೇಳು" ಎಂದು ಬೂದೆಪ್ಪ ಗಟ್ಟಿಯಾಗಿ, ಶಾಲೆಯ ಹುಡುಗ ಮಗ್ಗಿ ಹೇಳುವಂತೆ ಹೇಳಿದ. "ಹೋದ ಸಲದ್ದಕ್ಕಿಂತ ಒಂದು ಗೆರಿ ದೊಡ್ಡದು ಐತಿ. ಒಂದಽ ಕಂಪನಿ, ಒಂದಽ ಡಬ್ಬಿ, ಆದ್ರೂ ನೋಡು. ನಾಕು ಸೇರ್ಸು, ಐವತ್ತೊಂದು. ಬರಕೋರಿ ಮಾಲಕ್ರ."

ನರಹರಿ ಮೂರು ಸಂಖ್ಯೆಗಳನ್ನೂ ಬರೆದು, ತಮ್ಮ ಹೊಸ ಮೈಕ್ರೋಮೀಟರಿನಲ್ಲಿ ಇನ್ನೊಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ, "ನಲವತ್ತೇಳು, ಬರೋಬರ್" ಎಂದರು. ನನ್ನ ನಾಲಿಗೆ ತುದಿಯಲ್ಲಿ ಒಂದೆರಡು ಮಾತಿದ್ದವು. ನುಂಗಿಕೊಂಡೆ.

ಕಲ್ಲು ಹಾಕಿ ಉಜ್ಜಿದ, ಸೀಮೆಎಣ್ಣೆಯಲ್ಲಿ ತೊಳೆದ, ಗೇಜು ಇಳಿಸಿದ, ಮತ್ತೆ ಉಜ್ಜಿದ. ನಲವತ್ತೊಂಬತ್ತಕ್ಕೆ ಬಂದಾಗ ನಿಲ್ಲಿಸಿಬಿಟ್ಟ. ಲೋಹ ಬಿಸಿಯಾಗಿದೆ, ಬಿಸಿಯಲ್ಲಿ ಅಳೆದರೆ ಮೋಸ, ಆರಲಿ ಎಂದ. ನಾವು ಮುಕ್ಕಾಲು ಗಂಟೆ ಕೂತೆವು. ಆರಿದ ಮೇಲೆ ಉಳಿದದ್ದನ್ನು ಅಳತೆಗೊಮ್ಮೆ ನಿಲ್ಲುತ್ತ, ಬೆರಳ ತುದಿಯಲ್ಲಿ ಉಪ್ಪು ಹಾಕುವಂತೆ ತೆಗೆದ.

ಕೊನೆಗೆ ಉಂಗುರ ಹಾಕದ ಬರಿಯ ಪಿಸ್ಟನ್ನನ್ನು ಸಿಲಿಂಡರಿನ ಬಾಯಿಗಿಟ್ಟು ನನ್ನನ್ನು ಕರೆದ. "ಅಕ್ಕೋರೆ, ಇಲ್ಲಿ ತಳಕ್ಕ ಅಂಗೈ ಇಡ್ರಿ."

ಇಟ್ಟೆ. ಅವನು ಪಿಸ್ಟನ್ನನ್ನು ಬಿಟ್ಟ. ಅದು ಬೀಳಲಿಲ್ಲ, ನಿಲ್ಲಲೂ ಇಲ್ಲ. ತನ್ನದೇ ಭಾರಕ್ಕೆ, ಒಂದೇ ಸಮನೆ ಮೆಲ್ಲಗೆ ಇಳಿಯತೊಡಗಿತು. ಅದರ ಮುಂದೆ ಸರಿಯುವ ಗಾಳಿ ನನ್ನ ಅಂಗೈಗೆ ತಾಗಿತು, ಪಕ್ಕದಲ್ಲಿ ಮಲಗಿದ ಮಗುವಿನ ಉಸಿರಿನಷ್ಟು. ಬೂದೆಪ್ಪ ಕಣ್ಣು ಮುಚ್ಚಿ ಆ ಸಣ್ಣ ಸದ್ದನ್ನು ಕೇಳುತ್ತಿದ್ದ.

ಅಷ್ಟರಲ್ಲಿ ಮುಂದಿನ ಬಾಗಿಲಿಗೆ ಯಾರೋ ಬಂದು, ಇಲ್ಲಿ ಇನ್ನೂ ಬೋರಿಂಗ್ ಆಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ನರಹರಿ ಸ್ಲೇಟು ಹಿಡಿದುಕೊಂಡೇ ಹೋದರು.

"ಹೋತಾ ಜೀ. ತೀನ್ ದಿನ್ ಲಗತೇ."

"ಮೊದಲು ಒಂದೇ ದಿನದಲ್ಲಿ ಕೊಡುತ್ತಿದ್ದಿರಲ್ಲ?" ಎಂದು ಆ ಮನುಷ್ಯ ಗೊಣಗಿದ.

"ಈಗ ಮೂರು ದಿನ" ಎಂದರು ನರಹರಿ. "ಇಟ್ಟು ಹೋಗ್ರಿ."